ಆಗರದ ಹೆಪ್ಪು

ಅಂಕೋಲೆ ಹತ್ತಿರದ ಕೇಣಿ ಊರಿನ ಗಂಗೂ ಯಾರಿಗೂ ಸೊಪ್ಪು ಹಾಕುವವಳಲ್ಲ ಎಂದು ಊರಿನವರು ಹೇಳುತ್ತಿದ್ದರು. ಅದು ಪೂರ್ತಿ ನಿಜವಲ್ಲ. ಸಮುದ್ರದ ಭರತಿಗೆ ಸೊಪ್ಪು ಹಾಕುತ್ತಿದ್ದಳು, ಬಿಸಿಲಿಗೆ ಹಾಕುತ್ತಿದ್ದಳು, ಗಾಳಿ ದಿಕ್ಕು ಬದಲಿಸಿದರೆ ಅದಕ್ಕೂ ಹಾಕುತ್ತಿದ್ದಳು. ಮನುಷ್ಯರಲ್ಲಿ ಮಾತ್ರ ಅಂಥ ಯೋಗ್ಯತೆಯವರು ಅವಳ ಕಣ್ಣಿಗೆ ಬಿದ್ದಿರಲಿಲ್ಲ, ಅಷ್ಟೇ. ಗಂಡ ತಿಮ್ಮು ಇದನ್ನು ಮದುವೆಯಾದ ಮೂರನೇ ದಿನಕ್ಕೇ ಅರ್ಥ ಮಾಡಿಕೊಂಡಿದ್ದ. ಮುಂದಿನ ಮೂವತ್ತೈದು ವರ್ಷ ಅವಳು ಹೇಳಿದ್ದಕ್ಕೆಲ್ಲ ಹೂಂ ಎನ್ನುತ್ತ, ಬೀಡಿ ಸೇದುತ್ತ, ನೆಮ್ಮದಿಯಿಂದಿದ್ದ.

ಇಬ್ಬರೂ ಆಗರದಲ್ಲಿ ದುಡಿಯುವವರು. ಆಗರವೆಂದರೆ ಸಮುದ್ರದ ನೀರನ್ನು ಭರತಿಯ ಹೊತ್ತಿಗೆ ತೂಬಿನಿಂದ ಒಳಗೆ ಬಿಟ್ಟುಕೊಂಡು, ಪಾತಿಗಳಲ್ಲಿ ನಿಲ್ಲಿಸಿ, ಬಿಸಿಲಿಗೆ ಒಣಗಿಸಿ ಉಪ್ಪು ತೆಗೆಯುವ ಜಾಗ. ಊರ ಹಿಂದೆ ಹೊಳೆ ಸಮುದ್ರ ಸೇರುವ ಕಡೆ ಅದಿತ್ತು. ಗಂಗೂ ಹುಡುಗಿಯಾಗಿದ್ದಾಗ ಅಲ್ಲಿ ಇಪ್ಪತ್ತೆರಡು ಪಾತಿಗಳಲ್ಲಿ ಹನ್ನೊಂದು ಮನೆಯವರು ಕೆಲಸ ಮಾಡುತ್ತಿದ್ದರು. ಎರಡು ಸಾವಿರದ ನಾಲ್ಕರ ಹೊತ್ತಿಗೆ ಉಳಿದದ್ದು ಮೂರು ಪಾತಿ, ಒಂದು ಮನೆ. ಉಳಿದವರು ಕಾರವಾರದ ಕಟ್ಟಡ ಕೆಲಸಕ್ಕೋ ಬೇರೆಯವರ ಗದ್ದೆಗೋ ಹೋಗಿ ಸೇರಿಕೊಂಡರು. ಗಂಗೂಳನ್ನೂ ಕರೆದರು. ಜಪ್ಪಯ್ಯ ಅಂದರೂ ಅವಳು ಹೋಗಲಿಲ್ಲ.

ಜಾಗದ ಒಡೆಯ ತುಳಸಿದಾಸ ಕಾರವಾರದಲ್ಲಿದ್ದ. ಅವನ ಅಪ್ಪ ಹಳೇ ಕಾಲದ ಮನುಷ್ಯ. ಸಾಯುವ ಮುಂಚೆ ಕೆಲಸದವರಿಗೆ ಒಂದು ಕಾಗದ ಬರೆದುಕೊಟ್ಟಿದ್ದ. ಆಗರದಲ್ಲಿ ಉಪ್ಪು ತೆಗೆಯುತ್ತಿರುವಷ್ಟು ಕಾಲ ತೆಗೆಯುವವರನ್ನು ಯಾರೂ ಎಬ್ಬಿಸುವಂತಿಲ್ಲ ಎಂದು ಅದರಲ್ಲಿತ್ತು. ಮಗನಿಗೆ ಈ ಕಾಗದ ಗಂಟಲಲ್ಲಿ ಸಿಕ್ಕಿದ ಮೀನಿನ ಮುಳ್ಳಾಗಿತ್ತು. ಅವನಿಗೆ ಅಲ್ಲಿ ಸಿಗಡಿ ಕೆರೆ ಮಾಡಬೇಕಿತ್ತು. ಆಗರ ಪಾಳು ಬಿದ್ದಿದೆ, ಒಂದು ಹಂಗಾಮು ಉಪ್ಪೇ ಬಂದಿಲ್ಲ ಎಂದು ಸರ್ಕಾರದ ದಾಖಲೆಯಲ್ಲಿ ಬಂದರೆ ಸಾಕು, ಕಾಗದವೂ ಹೋಗುತ್ತಿತ್ತು, ಗಂಗೂಳೂ ಹೋಗುತ್ತಿದ್ದಳು. ಅದಕ್ಕೇ ಅವಳು ಆ ಮೂರು ಪಾತಿಗಳನ್ನು ಒಂದು ವರ್ಷವೂ ಖಾಲಿ ಬಿಡಲಿಲ್ಲ. ಜ್ವರ ಬಂದಾಗಲೂ ಇಳಿದಳು, ಸೊಂಟ ಹಿಡಿದಾಗಲೂ ಇಳಿದಳು.

ಆಗರದ ಕೆಲಸದಲ್ಲಿ ಹೊರಗಿನವರಿಗೆ ಗೊತ್ತಿಲ್ಲದ ಒಂದು ಸಂಗತಿಯಿದೆ. ಪಾತಿಯ ನೀರು ಬಿಸಿಲಿಗೆ ದಪ್ಪವಾಗುತ್ತ ಬಂದಂತೆ ಕೆಂಪಾಗಬೇಕು. ಕೆಂಪಾದರೆ ಬಿಸಿಲನ್ನು ಬೇಗ ಹೀರಿಕೊಳ್ಳುತ್ತದೆ, ಉಪ್ಪು ಬೇಗ ಕಟ್ಟುತ್ತದೆ. ಆ ಕೆಂಪು ಮಳೆಗಾಲದಲ್ಲಿ ತೊಳೆದುಹೋಗುತ್ತದೆ. ಹಾಗಾಗಿ ಗಂಗೂಳ ಕಡೆಯವರು ಮೇ ತಿಂಗಳ ಕೊನೆಗೆ, ಎಲ್ಲಕ್ಕಿಂತ ಕೆಂಪಾದ ಪಾತಿಯ ತಳದಿಂದ ಒಂದು ಮಡಕೆ ಕೆಸರು ತೆಗೆದು, ಹರಳುಪ್ಪಿನಲ್ಲಿ ಹೂತು, ಬಾಯಿಗೆ ಬಟ್ಟೆ ಕಟ್ಟಿ, ಒಲೆಯ ಮೇಲಿನ ಅಟ್ಟದಲ್ಲಿಡುತ್ತಿದ್ದರು. ಮಳೆ ಮುಗಿದು ಪಾತಿ ತುಳಿದು ಹದ ಮಾಡಿದ ಮೇಲೆ ಆ ಕೆಸರನ್ನು ನೀರಿಗೆ ಕದಡಿದರೆ ಕೆಲವೇ ದಿನಗಳಲ್ಲಿ ಪಾತಿ ಕೆಂಪಾಗುತ್ತಿತ್ತು. ಹಾಲಿಗೆ ಹಾಕುವುದಕ್ಕೆ ಏನೆನ್ನುತ್ತಾರೋ ಇದಕ್ಕೂ ಅದನ್ನೇ ಅನ್ನುತ್ತಿದ್ದರು: ಹೆಪ್ಪು. ಹೆಪ್ಪನ್ನು ಮಾರುವಂತಿಲ್ಲ. ಕೇಳಿಕೊಂಡು ಬಂದವರಿಗೆ ಇಲ್ಲ ಅನ್ನುವಂತಿಲ್ಲ. ಒಯ್ದವರು ತಮ್ಮ ಪಾತಿ ಕೆಂಪಾದ ಮೇಲೆ ಒಯ್ದದ್ದಕ್ಕಿಂತ ಒಂದು ಹಿಡಿ ಹೆಚ್ಚು ತಂದುಕೊಡಬೇಕು. ಹಾಗೆಯೇ ಪಾತಿಗಿಳಿಯುವಾಗ ಪಾತಿಯ ನೀರಿನಲ್ಲೇ ಕಾಲು ತೊಳೆದುಕೊಳ್ಳಬೇಕು, ಬಾವಿಯ ಸಿಹಿನೀರಿನಲ್ಲಿ ತೊಳೆದ ಕಾಲು ಇಡಕೂಡದು. ಯಾಕೆ ಎಂದು ಗಂಗೂ ಚಿಕ್ಕವಳಿದ್ದಾಗ ಕೇಳಿ ಬೆನ್ನಿಗೆ ಒಂದು ಗುದ್ದು ತಿಂದಿದ್ದಳು. ಆಮೇಲೆ ಕೇಳಲಿಲ್ಲ.

ಆ ವರ್ಷದ ಮಾರ್ಚಿನಲ್ಲಿ ಅಮಿತಾ ಬಂದಳು. ಕಾರವಾರದ ಒಂದು ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವವಳು, ಗಂಗೂಳ ಕಡೆಯ ಮಾತಿನಲ್ಲಿ ಬಾಯೋರು, ಮೂವತ್ತರ ಒಳಗಿನ ಹೆಣ್ಣು. ಚೂಡಿದಾರದ ಕಾಲು ಮಡಚಿಕೊಂಡು, ಚೀಲದ ತುಂಬ ಬಾಟಲಿ ಇಟ್ಟುಕೊಂಡು ಕಟ್ಟೆಯ ಮೇಲೆ ನಿಂತಿದ್ದಳು.

"ಗಂಗಕ್ಕ ಅಂದ್ರೆ ನೀವೇ ಅಲ್ವಾ? ಆ ಕೆಂಪು ಪಾತಿಯಿಂದ ಸ್ವಲ್ಪ ಮಣ್ಣು ಬೇಕಿತ್ತು."

"ಎಂತಕ್ಕೆ?"

"ಅದ್ರಲ್ಲಿ ಕಣ್ಣಿಗೆ ಕಾಣದ ಜೀವ ಇದಾವೆ. ಬ್ಯಾಕ್ಟೀರಿಯಾ. ಬೇರೆ ಯಾವ ಜೀವ ಬಿದ್ರೂ ಸತ್ತುಹೋಗುವಷ್ಟು ಉಪ್ಪಲ್ಲಿ ಅವು ಆರಾಮಾಗಿ ಬದುಕ್ತವೆ. ಆ ಕೆಂಪು ಬಣ್ಣ ಅವುಗಳದ್ದೇ."

ಗಂಗೂಗೆ ಖುಷಿಯಾಯಿತು. ಐವತ್ತು ವರ್ಷ ಕಾಲಡಿಯಲ್ಲಿದ್ದವರ ಪರಿಚಯವನ್ನು ಯಾರೋ ಈಗ ಮಾಡಿಕೊಟ್ಟಂತಾಯಿತು. ಬಾಟಲಿ ಇಸಿದುಕೊಂಡು ತಾನೇ ಕೆಸರು ತುಂಬಿಸುತ್ತಿದ್ದಳು. ಅಷ್ಟರಲ್ಲಿ ಅಮಿತಾ ಮುಂದುವರಿಸಿದಳು.

"ಅವಕ್ಕೆ ಹೊಟ್ಟೆತುಂಬ ತಿನ್ನೋಕೆ ಕೊಟ್ರೆ ಮೈಯೊಳಗೆ ಕೊಬ್ಬಿನ ಹಾಗೆ ಒಂದು ವಸ್ತು ಕೂಡಿಡ್ತವೆ. ಅದನ್ನ ತೆಗೆದ್ರೆ ಪ್ಲಾಸ್ಟಿಕ್ ಆಗ್ತದೆ."

ಗಂಗೂ ಬಾಟಲಿಯನ್ನು ಬೋರಲು ಹಾಕಿದಳು. ಕೆಸರು ಪಚಕ್ಕೆಂದು ಪಾತಿಗೆ ವಾಪಸು ಬಿತ್ತು.

ಸಿಟ್ಟು ಬರದೆ ಏನು ಮಾಡೀತು? ದಿನಾ ಬೆಳಗ್ಗೆ ಭರತಿಯ ಜೊತೆ ಇಡೀ ತಾಲ್ಲೂಕಿನ ಹಾಲಿನ ಕವರು, ಗುಟ್ಕಾ ಚೀಟಿ, ಶಾಂಪೂ ಪಾಕೀಟು ಬಂದು ಅವಳ ತೂಬಿಗೆ ಸಿಕ್ಕಿಕೊಳ್ಳುತ್ತಿದ್ದವು. ಅದನ್ನು ಕೈಹಾಕಿ ಎಳೆದು ಎಳೆದು ಉಗುರಿನ ಸಂದಿ ಸೀಳಿತ್ತು.

"ಊರ ಪ್ಲಾಸ್ಟಿಕ್ಕೆಲ್ಲಾ ನನ್ನ ತೂಬಿಗೇ ಬತ್ತದೆ. ಅದು ಸಾಲ್ಲಿಲ್ಲ ಹೇಳಿ ನನ್ನ ಮಣ್ಣಿಂದ್ಲೇ ಮಾಡ್ತ್ರಾ ಬಾಯೋರೆ? ಹೋಗಿ, ಬೇರೆ ಆಗರ ನೋಡ್ಕಣಿ."

"ಇದು ಹಾಗಲ್ಲ ಗಂಗಕ್ಕ. ಮಣ್ಣಿಗೆ ಹಾಕಿದ್ರೆ ಕರಗಿಹೋಗ್ತದೆ. ಮಣ್ಣಲ್ಲಿರೋ ಬೇರೆ ಜೀವಗಳು ತಿಂದುಬಿಡ್ತವೆ."

"ಕರಗೂದನ್ನ ನಾ ನೋಡ್ಬೇಕು."

ಕೊನೆಗೆ ಅರ್ಧ ಬಾಟಲಿ ಕೊಟ್ಟು ಕಳಿಸಿದಳು. ಕೊಟ್ಟದ್ದು ನಂಬಿಕೆಯಿಂದಲ್ಲ. ಸುಳ್ಳು ಹೇಳಿದ್ದರೆ ಆಮೇಲೆ ಹಿಡಿದು ಬಯ್ಯಬಹುದಲ್ಲ ಎಂದು.

ಒಂಬತ್ತು ತಿಂಗಳ ಮೇಲೆ ಅಮಿತಾ ಅಂಗೈಯಗಲದ ಒಂದು ಹಾಳೆ ತಂದಳು. ತೆಳ್ಳಗೆ, ಬೆಳ್ಳಗೆ, ಮುಟ್ಟಿದರೆ ಚರಚರ ಅನ್ನುತ್ತಿತ್ತು. ಗಂಗೂ ಗೊಬ್ಬರಗುಂಡಿಯಲ್ಲಿ ಮೊಳಕೈ ಆಳ ತೋಡಿ, ಹಾಳೆಯನ್ನೂ ಅದರ ಪಕ್ಕದಲ್ಲೇ ಒಂದು ಹಾಲಿನ ಕವರನ್ನೂ ಹೂತು, ಮೇಲೆ ಕೋಲು ನೆಟ್ಟಳು. ಎರಡೂವರೆ ತಿಂಗಳು ಬಿಟ್ಟು ತೋಡಿದಾಗ ಹಾಲಿನ ಕವರು ಅಂಗಡಿಯಿಂದ ಈಗಷ್ಟೇ ತಂದಂತೆ ಮಿರಮಿರ ಮಿಂಚುತ್ತಿತ್ತು. ಇನ್ನೊಂದು ಇರಲಿಲ್ಲ. ಬೆರಳಲ್ಲಿ ಗೊಬ್ಬರವನ್ನೆಲ್ಲ ಕೆದಕಿದಳು, ತಿಮ್ಮುವಿನ ಕೈಲೂ ಕೆದಕಿಸಿದಳು. ಒಂದು ಚೂರೂ ಸಿಗಲಿಲ್ಲ.

ಮರುದಿನ ಬೆಳಗ್ಗೆಯೇ ಅಂಕೋಲೆಗೆ ಹೋಗಿ ಕಾರವಾರದ ಬಸ್ಸು ಹತ್ತಿದಳು. ಕಾಲೇಜಿನ ಮೆಟ್ಟಿಲು ಹತ್ತಿದ್ದು ಅದೇ ಮೊದಲು. ಪ್ರಯೋಗಶಾಲೆಯ ಬಾಗಿಲಲ್ಲಿ ನಿಂತು, "ಬಾಯೋರೆ, ನಿಮ್ದು ಕರ್ಗಿ ಹೋಯ್ತು. ನಾ ಬೈದದ್ದು ತಪ್ಪಾಯ್ತು" ಅಂದಳು. ಗಂಗೂ ತಪ್ಪಾಯಿತು ಅಂದದ್ದನ್ನು ಕೇಳಿದವರು ಆ ಬಾಯೋರೊಬ್ಬರೇ. ತಿಮ್ಮುವಿಗೂ ಆ ಭಾಗ್ಯ ಸಿಕ್ಕಿರಲಿಲ್ಲ.

ಅಮಿತಾ ಅವಳನ್ನು ಒಳಗೆ ಕರೆದು ಗಾಜಿನ ಬುರುಡೆಗಳನ್ನು ತೋರಿಸಿದಳು. ಒಂದು ಯಂತ್ರದ ಮೇಲೆ ಅವು ಅಲ್ಲಾಡುತ್ತಿದ್ದವು, ಒಳಗೆ ತನ್ನದೇ ಪಾತಿಯ ಕೆಂಪು. ಅವಕ್ಕೆ ತಿನ್ನಲು ಏನು ಹಾಕುತ್ತೀರಿ ಎಂದು ಕೇಳಿದರೆ ಅಮಿತಾ ನಾಚಿಕೊಂಡು, "ಪುಸ್ತಕದಲ್ಲಿ ಹೇಳಿದ್ದು ತರಿಸೋಕೆ ಕಾಲೇಜು ಒಪ್ಪಲಿಲ್ಲ. ಮನೆಯಿಂದ ಗಂಜಿತಿಳಿ ತಂದು ಹಾಕ್ತೇನೆ" ಅಂದಳು. ಗಂಗೂ ಮನಸಾರೆ ನಕ್ಕಳು. ಗಂಜಿ ಕುಡಿದು ಕೆಲಸ ಮಾಡುವವರೆಂದರೆ ತನ್ನ ಪೈಕಿಯವರೇ ಅಲ್ಲವೇ. ಅಂದು ಮಧ್ಯಾಹ್ನ ಅಮಿತಾ ತನ್ನ ಮನೆಯ ಕತೆಯನ್ನೂ ಹೇಳಿದಳು. ಅವರು ಚೆಂಡಿಯಾ ಕಡೆಯವರು. ಗದ್ದೆ, ಮನೆ, ಬಾವಿ ಎಲ್ಲ ನೌಕಾನೆಲೆಗೆ ಹೋಗಿ, ಅಪ್ಪ ಅಮ್ಮ ಈಗ ಪುನರ್ವಸತಿಯ ಮನೆಯಲ್ಲಿದ್ದಾರೆ. ಅಪ್ಪ ಈಗಲೂ ಬೆಳಗ್ಗೆ ಎದ್ದವನೇ ಗದ್ದೆಗೆ ಹೊರಟವನ ಹಾಗೆ ಅಂಗಳದ ತುದಿವರೆಗೆ ಹೋಗಿ ನಿಲ್ಲುತ್ತಾನಂತೆ. ತಿಮ್ಮುವನ್ನು ಹಾಗೆ ನಿಲ್ಲಲು ತಾನು ಬಿಡುವುದಿಲ್ಲ ಎಂದು ಬಸ್ಸಿನಲ್ಲಿ ಕೂತು ಬರುವಾಗ ಗಂಗೂ ಅಂದುಕೊಂಡಳು.

ಎರಡು ಸಾವಿರದ ಆರರ ಮಳೆಗಾಲದಲ್ಲಿ ತುಳಸಿದಾಸ ತನ್ನ ಕೈ ತೋರಿಸಿದ. ಗಂಗೂ ತಿಮ್ಮು ಇಬ್ಬರೂ ನೆಂಟರ ಮನೆಗೆ ಹೋಗಿದ್ದ ಒಂದು ಮಧ್ಯಾಹ್ನ ತೂಬಿನ ಹಲಗೆಗಳು ಮಾಯವಾದವು, ಕಟ್ಟೆ ಎರಡು ಕಡೆ ಒಡೆಯಿತು. ಹೊಳೆಯ ನೆರೆ ಮೂರೂ ಪಾತಿಗಳ ಮೇಲೆ ಹಾದು, ತಲೆಮಾರುಗಳ ಹದದ ತಳವನ್ನು ಕೆರೆದುಕೊಂಡು ಹೋಯಿತು. ನೆರೆಯೇ ಒಡೆದದ್ದು ಎಂದು ಅವನು ಹೇಳಿಕಳಿಸಿದ. ನೆರೆಗೆ ಹಲಗೆಯ ಮೊಳೆ ಕೀಳಲು ಬರುತ್ತದೆಂದು ಗಂಗೂಗೆ ಅವತ್ತೇ ಗೊತ್ತಾದದ್ದು.

ಅತ್ತರೆ ಅವನಿಗೆ ಸುದ್ದಿ ಮುಟ್ಟುತ್ತದೆ ಎಂದು ಅವಳು ಅಳಲಿಲ್ಲ. ನವೆಂಬರಿನಿಂದ ಗಂಡ ಹೆಂಡತಿ ಕಟ್ಟೆ ಕಟ್ಟಿದರು, ಹೂಳು ಹೊತ್ತರು, ಒಂದೊಂದೇ ಪಾತಿಯನ್ನು ಕಾಲಲ್ಲಿ ತುಳಿದು ನಯ ಮಾಡಿದರು. ಜನವರಿಯಲ್ಲಿ ಸಮುದ್ರದ ನೀರು ಬಿಟ್ಟುಕೊಂಡರು. ಇನ್ನು ಹೆಪ್ಪು ಹಾಕುವುದೊಂದೇ ಬಾಕಿ. ಅಟ್ಟದ ಮೇಲಿದ್ದದ್ದು ಒಂದೇ ಮಡಕೆ. ಈ ಸಲ ತಳವೆಲ್ಲ ಹೊಸ ಮಣ್ಣು, ಮೂರು ಪಾತಿಗೂ ಅದೇ ಆಗಬೇಕಿತ್ತು. ಅದರ ಮೇಲೆ ತುಳಸಿದಾಸನ ಅರ್ಜಿಯಂತೆ ಕಂದಾಯದ ಸಾಹೇಬರು ಏಪ್ರಿಲ್ ಮೊದಲ ವಾರ ಜಾಗ ನೋಡಲು ಬರುತ್ತಾರೆಂಬ ನೋಟೀಸೂ ಬಂದಿತ್ತು. ಅಷ್ಟರೊಳಗೆ ಉಪ್ಪು ಕಟ್ಟದಿದ್ದರೆ ಆಗರ ಪಾಳು.

ಮಡಕೆ ಇಳಿಸಿದ ದಿನವೇ ಅಮಿತಾ ಬಂದಳು. ಮುಖ ಬಾಡಿಹೋಗಿತ್ತು.

"ಗಂಗಕ್ಕ, ನನ್ನ ಕೈಯಾರೆ ಎಲ್ಲ ಕೊಂದುಬಿಟ್ಟೆ."

ಆದದ್ದಿಷ್ಟು. ಬೆಳೆದ ಜೀವಗಳನ್ನು ಪ್ಲಾಸ್ಟಿಕ್ ತೆಗೆಯುವ ಮುಂಚೆ ಉಪ್ಪುನೀರಿನಲ್ಲಿ ತೊಳೆಯಬೇಕಿತ್ತು. ಉಪ್ಪುನೀರು, ಬರೀ ನೀರು ಎರಡೂ ಒಂದೇ ಥರದ ಕ್ಯಾನಿನಲ್ಲಿದ್ದವು. ಕ್ಲಾಸಿಗೆ ಹೊತ್ತಾಯಿತೆಂಬ ಗಡಿಬಿಡಿಯಲ್ಲಿ ಅವಳು ಬರೀ ನೀರು ಸುರಿದಿದ್ದಳು, ಬೀಜಕ್ಕೆಂದು ಇಟ್ಟ ಬಾಟಲಿಗೂ ಸೇರಿಸಿ. ಉಪ್ಪಿನಲ್ಲಿ ಹುಟ್ಟಿದ ಆ ಜೀವ ಸಿಹಿನೀರು ತಗುಲಿದರೆ ಉಬ್ಬಿ ಒಡೆಯುತ್ತದೆ. ನೋಡುನೋಡುತ್ತಿದ್ದಂತೆ ಕೆಂಪೆಲ್ಲ ಪೇಲವವಾಯಿತಂತೆ. ಬೇರೆ ಬಾಟಲಿಗಳು ಕರೆಂಟು ಹೋಗಿ ಮೊದಲೇ ಕೆಟ್ಟಿದ್ದವು. ಮೂರು ವರ್ಷದ ಕೆಲಸ, ಒಂದು ಕ್ಯಾನು ನೀರು.

"ಸೀನೀರು ಹಾಕ್ದ್ರಾ?" ಗಂಗೂಗೆ ನಂಬಲಾಗಲಿಲ್ಲ. "ಆಗರದಲ್ಲಿ ಹುಟ್ಟಿದ ಕೂಸಿಗೂ ಗೊತ್ತು, ಸೀನೀರಲ್ಲಿ ತೊಳ್ದ ಕಾಲೂ ಇಡೂಕಾಗ ಹೇಳಿ. ಇಷ್ಟು ಓದಿ ಎಂತ ಮಾಡ್ದ್ರಿ ಬಾಯೋರೆ?"

ಚಿಕ್ಕಂದಿನಲ್ಲಿ ಬೆನ್ನಿಗೆ ಬಿದ್ದ ಗುದ್ದಿನ ಅರ್ಥ ಅವಳಿಗೆ ಈಗ ಆಯಿತು. ಅಮಿತಾ ತಲೆ ತಗ್ಗಿಸಿ, ಪಾತಿಯಲ್ಲೂ ಈ ಸಲ ಕೆಂಪಿಲ್ಲ, ಹೊಸ ಮಣ್ಣು, ತೆಗೆದರೂ ಏನೂ ಸಿಗುವುದಿಲ್ಲ ಎಂದಳು. ಆಮೇಲೆ ಅವಳ ಕಣ್ಣು ಮಡಕೆಯ ಮೇಲೆ ಬಿತ್ತು. ಒಂದು ಚಮಚ ಸಿಕ್ಕರೂ ಬದುಕೀತು, ಹೆಚ್ಚು ಸಿಕ್ಕಷ್ಟು ಬೇಗ ಬೆಳೆದೀತು ಎಂದಷ್ಟೇ ಹೇಳಿದಳು.

ತಿಮ್ಮು ಅಂದು ಮೊದಲ ಸಲ ಬೀಡಿ ಬಾಯಿಂದ ತೆಗೆದು ಮಾತಾಡಿದ. "ಕೊಡೂದು ಬ್ಯಾಡ. ಏಪ್ರಿಲ್ ಒಳಗೆ ಕೆಂಪಾಗ್ದೆ ಹೋದ್ರೆ ನಾವು ಎಲ್ಲಿ ಹೋಗೂದು?"

ಅವನ ಮಾತು ಸರಿ ಎಂದು ಗಂಗೂಗೆ ಗೊತ್ತಿತ್ತು. ಹೆದರಿಕೆಯೂ ಆಯಿತು. ಆದರೆ ತುಳಸಿದಾಸನ ಹೆದರಿಕೆಗೆ ಹೆಪ್ಪು ಇಲ್ಲ ಅಂದರೆ, ಅವನು ಒಡೆದ ಕಟ್ಟೆಗಿಂತ ದೊಡ್ಡದು, ಹಿರಿಯರ ಕಟ್ಟಳೆಯೇ ಒಡೆಯುತ್ತಿತ್ತು.

"ಹೆಪ್ಪು ಕೇಳ್ದವ್ರನ್ನ ಬರಿಗೈಲಿ ಕಳ್ಸಿದ ಮನೆ ಅಲ್ಲ ಇದು," ಅಂದಳು. "ಅರ್ಧ ನಿಮ್ಗೆ, ಅರ್ಧ ಪಾತಿಗೆ. ಒಯ್ದದ್ದಕ್ಕಿಂತ ಹೆಚ್ಚು ತರ್ಬೇಕು, ಅದು ಗೊತ್ತಿರ್ಲಿ."

ಅರ್ಧ ಮಡಕೆಯ ಹೆಪ್ಪು ಮೂರು ಪಾತಿಗೆ ಸಾಲಲಿಲ್ಲ. ಫೆಬ್ರವರಿ ಪೂರ್ತಿ ನೀರು ಬೂದು ಬಣ್ಣದಲ್ಲೇ ನಿಂತಿತು. ತಿಮ್ಮುವಿನ ಬೀಡಿ ಎರಡು ಪಟ್ಟು ಖರ್ಚಾಗತೊಡಗಿತು. ಗಂಗೂ ದಿನಕ್ಕೆ ನಾಲ್ಕು ಸಲ ಪಾತಿಗಿಳಿದು ನೀರು ಕಲಕಿದಳು.

ಮಾರ್ಚ್ ಎರಡನೇ ವಾರ ಅಮಿತಾ ಬಂದಳು, ರಿಕ್ಷಾದಲ್ಲಿ, ಐದು ದೊಡ್ಡ ಕ್ಯಾನುಗಳ ಜೊತೆ. ಬಸ್ಸಿನಲ್ಲಿ ಕಂಡಕ್ಟರು ಅದನ್ನು ರಕ್ತವೆಂದು ತಿಳಿದು ಇಳಿಸಲು ಹೋಗಿದ್ದನಂತೆ. ಅವಳು ಅಂಕೋಲೆ ತನಕ ಜಗಳವಾಡಿಕೊಂಡೇ ಬಂದಿದ್ದಳು. ಐದಾರು ವಾರ ಹಗಲೂ ರಾತ್ರಿ ಗಂಜಿತಿಳಿ ಹಾಕಿ ಬೆಳೆಸಿದ ಕೆಂಪು. ಗಂಗೂ ಒಂದು ಕ್ಯಾನಿನ ಮುಚ್ಚಳ ತೆಗೆದು ಮೂಸಿದಳು. ತನ್ನ ಆಗರದ ವಾಸನೆಯೇ, ಸಂಶಯವಿಲ್ಲ. ಮೂವರೂ ಪಾತಿಯ ನೀರಿನಲ್ಲಿ ಕಾಲು ತೊಳೆದುಕೊಂಡು ಇಳಿದು ಸುರಿದರು. ಹನ್ನೆರಡನೇ ದಿನ ಮೂರೂ ಪಾತಿ ಕುಂಕುಮ ಕದಡಿದಂತೆ ಕೆಂಪಾಗಿ, ಅಂಚಿನಲ್ಲಿ ಉಪ್ಪು ಕಟ್ಟತೊಡಗಿತು. ಗಂಗೂ ಅಂದು ಅತ್ತಳು.

ಏಪ್ರಿಲ್ ನಾಲ್ಕಕ್ಕೆ ಜೀಪು ಬಂತು. ಕಂದಾಯದ ಸಾಹೇಬರು, ಅವರ ಗುಮಾಸ್ತ, ತುಳಸಿದಾಸ. ಸಾಹೇಬರು ಕಟ್ಟೆ ಹತ್ತಲಿಲ್ಲ. ಬಿಸಿಲು ಜೋರಿತ್ತು. ಗುಮಾಸ್ತ ಕಾರವಾರದಲ್ಲೇ ಟೈಪು ಮಾಡಿ ತಂದ ಪಂಚನಾಮೆಯನ್ನು ಜೀಪಿನ ಬಾನೆಟ್ಟಿನ ಮೇಲೆ ಹರಡಿ, ಶಾಯಿಪ್ಯಾಡು ತೆರೆದು ತಿಮ್ಮುವನ್ನು ಕರೆದ. "ಹೆಬ್ಬೆಟ್ಟು ಒತ್ತು."

ತಿಮ್ಮು ಎರಡೂ ಕೈ ಬೆನ್ನ ಹಿಂದೆ ಇಟ್ಟುಕೊಂಡ. "ನನ್ನ ಕೈ ಉಪ್ಪಾಗ್ಯದೆ ಸಾಹೇಬ್ರೆ," ಅಂದ. "ಕಾಗ್ದ ಹಾಳಾತದೆ."

"ಎಂತ ಬರ್ದದೆ ಅದ್ರಲ್ಲಿ?" ಗಂಗೂ ಕೇಳಿದಳು. ಯಾರೂ ಹೇಳದಿದ್ದಾಗ ಅಮಿತಾ ಬಗ್ಗಿ ಓದಿದಳು. ಈ ವಿಷಯಕ್ಕೆ ತಲೆ ಹಾಕಬೇಡ ಎಂದು ಕಾಲೇಜಿನಲ್ಲಿ ಹೇಳಿದ್ದರೂ ರಜೆ ಹಾಕಿ ಬಂದಿದ್ದಳು. ಸದರಿ ಜಾಗ ಪಾಳು ಬಿದ್ದಿದ್ದು ಉಪ್ಪಿನ ಉತ್ಪಾದನೆ ಕಂಡುಬರುವುದಿಲ್ಲ, ಯಾವುದೇ ಜೀವಿಯ ವಾಸಕ್ಕೆ ಯೋಗ್ಯವಿರುವುದಿಲ್ಲ ಎಂದಿತ್ತು.

"ಕಟ್ಟೆ ಹತ್ದೆ ಹೋದ್ರೆ ಕಂಡುಬರೂದು ಹ್ಯಾಂಗೆ?" ಅಂದಳು ಗಂಗೂ. "ಇಳೀರಿ ಸಾಹೇಬ್ರೆ. ಚಪ್ಪಲಿ ಇಲ್ಲೇ ಬಿಡಿ. ಕಾಲು ಆ ಪಾತಿ ನೀರಲ್ಲೇ ತೊಳ್ಕಣಿ."

"ಅಂಗಡಿ ಉಪ್ಪು ತಂದು ಚೆಲ್ಲಿದಾರೆ ಸರ್," ಅಂದ ತುಳಸಿದಾಸ. "ಕೆಂಪು ಬಣ್ಣಾನೂ ಇವರೇ ಕಲಸಿದ್ದು."

ಸಾಹೇಬರು ಯಾವ ಪುಣ್ಯದಿಂದಲೋ ಇಳಿದರು. ಪ್ಯಾಂಟು ಮೊಣಕಾಲಿಗೆ ಮಡಚಿ ಪಾತಿಯಲ್ಲಿ ನಿಂತಾಗ ಪಾದದಡಿ ಉಪ್ಪು ಕರಕರ ಎಂದಿತು. ಗಂಗೂ ಉಪ್ಪು ಎಳೆಯುವ ಹಲಗೆಯಿಂದ ಒಮ್ಮೆ ಎಳೆದಳು. ತಳ ಬಿಟ್ಟೆದ್ದ ಹಸಿ ಹರಳು ಅವರ ಕಾಲ ಮುಂದೆ ರಾಶಿಯಾಯಿತು. ಅಂಗಡಿಯ ಉಪ್ಪು ಮಣ್ಣಿಗೆ ಹೀಗೆ ಕಚ್ಚಿಕೊಳ್ಳುವುದಿಲ್ಲ ಎಂಬುದು ಯಾರಿಗಾದರೂ ತಿಳಿಯುವಂಥದ್ದು. ಅಮಿತಾ ಚೀಲದಿಂದ ಹಾಳೆಯೊಂದನ್ನು ತೆಗೆದು ಅವರ ಕೈಗಿತ್ತಳು. ಕಾಲಡಿಯ ಈ ಜೀವಗಳೇ ಮಾಡಿಕೊಟ್ಟ ಪ್ಲಾಸ್ಟಿಕ್ ಇದು, ಯೋಗ್ಯವಿಲ್ಲವೆಂದು ನೀವು ಬರೆದ ಜಾಗದಿಂದ ಬಂದದ್ದು ಎಂದಳು.

ಸಾಹೇಬರು ಹಾಳೆಯನ್ನು ಹಿಂದೆ ಮುಂದೆ ನೋಡಿ, "ಸರಿ, ಆಫೀಸಿಗೆ ಹೋಗಿ ತಿದ್ದಿ ಬರೆಸ್ತೇನೆ" ಎಂದು ಜೀಪಿನ ಕಡೆ ನಡೆದರು. ಗಂಗೂ ಅವರಿಗಿಂತ ಮುಂಚೆ ಹೋಗಿ ಜೀಪಿನ ಎದುರು ನೆಲದ ಮೇಲೆ ಕೂತಳು.

"ಇಲ್ಲೇ ಬರೀರಿ."

"ಏಳಮ್ಮ, ಬರೆಸ್ತೇನೆ ಅಂದ್ನಲ್ಲ."

"ಆಪೀಸಲ್ಲಿ ಬರ್ದದ್ದು ಒಂದ್ಸಲ ಓದ್ಸಿ ಕೇಳ್ದೆ. ಇನ್ನೊಂದು ನಂಗೆ ಬ್ಯಾಡ. ಉಪ್ಪು ಇಲ್ಲಿ ಅದೆ, ಜೀವ ಇಲ್ಲಿ ಅದೆ. ನೋಡಿದ್ದನ್ನ ಇಲ್ಲೇ ಬರೀರಿ."

ಗುಮಾಸ್ತ ಹಾರ್ನ್ ಹೊಡೆಸಿದ. ಅವಳು ಕಾಲು ಚಾಚಿಕೊಂಡಳು. ತಿಮ್ಮು ಬಂದು ಪಕ್ಕದಲ್ಲಿ ಕೂತ, ಆಮೇಲೆ ಅಮಿತಾಳೂ ಕೂತಳು. ಸಾಹೇಬರು ಬೆವರು ಒರೆಸಿಕೊಂಡು, ಟೈಪು ಮಾಡಿದ್ದಕ್ಕೆ ಅಡ್ಡಗೆರೆ ಎಳೆದು, ಜೀಪಿನ ಬಾನೆಟ್ಟಿನ ಮೇಲೆ ಕಾಗದ ಇಟ್ಟು ಕೈಯಾರೆ ಬರೆದರು: ಆಗರ ಚಾಲ್ತಿಯಲ್ಲಿದೆ. ಅಮಿತಾ ಓದಿದಳು. ಇನ್ನೊಮ್ಮೆ ಓದಲು ಗಂಗೂ ಹೇಳಿದಳು. ಓದಿಸಿ, ಕೇಳಿ, ಆಮೇಲೆ ಹೆಬ್ಬೆಟ್ಟು ಒತ್ತಿದಳು.

ಹೊರಡುವ ಮುಂಚೆ ತುಳಸಿದಾಸ ಹತ್ತಿರ ಬಂದ. ಸಿಟ್ಟಿಗಿಂತ ಹೆಚ್ಚಾಗಿ ಅವನಿಗೆ ದಣಿವಾದಂತಿತ್ತು.

"ಇನ್ನೆಷ್ಟು ವರ್ಷ ಇರ್ತೆ ಗಂಗೂ? ಐದು? ಆರು? ನಾ ಕಾಯ್ತೆ."

"ಕಾಯಿರಿ ಒಡೇರೆ," ಅಂದಳು ಗಂಗೂ. "ಆದ್ರೆ ಉಪ್ಪಲ್ಲಿ ಹಾಕಿದ್ದು ಬೇಗ ಕೆಡೂದಿಲ್ಲ."

ಆಮೇಲೆ ಸೀರೆ ಎತ್ತಿಕಟ್ಟಿ ಹಲಗೆ ಹಿಡಿದುಕೊಂಡು ಪಾತಿಗಿಳಿದಳು. ಅಂದಿನ ಉಪ್ಪು ಎಳೆಯುವುದು ಇನ್ನೂ ಬಾಕಿಯಿತ್ತು.